ಬಂದೂಕುಗಳ ಕೋಣೆ

ಪಾರ್ವತಮ್ಮನಿಗೆ ಕೂತು ಏಳಲು ಒಂದು ಕಕ್ಕಸು ಇರಲಿಲ್ಲ.

ಮನೆಯಲ್ಲಿ ಇರಲಿಲ್ಲವೆಂದಲ್ಲ. ಹೊಸಕೆರೆಹಳ್ಳಿಯ ಆ ಇಪ್ಪತ್ತು-ಮೂವತ್ತರ ಸೈಟಿನ ಮನೆಯಲ್ಲಿ, ಕೆಳಗಿನ ದೊಡ್ಡ ಕೋಣೆಗೆ ಸೇರಿಕೊಂಡು ಒಂದಿತ್ತು. ಬಿಳಿ ಕಮೋಡು, ಹಿಡಿದು ಏಳಲು ಗೋಡೆಗೆ ಸ್ಟೀಲಿನ ಹಿಡಿಕೆ, ಜಾರದ ಟೈಲ್ಸು. ಆಕೆಯ ಗಂಡ ಸಂಜೀವಯ್ಯ ಗಾರೆ ಕೆಲಸದವನು. ಹೆಂಡತಿಗೆ ಮಂಡಿನೋವು ಶುರುವಾದ ವರ್ಷ ತನ್ನ ಕೈಯಾರೆ ಕಟ್ಟಿದ್ದ. ಕಟ್ಟಿದ ಎರಡು ವರ್ಷಕ್ಕೆ ಸತ್ತ. ಸತ್ತು ವರ್ಷ ತುಂಬುವುದರೊಳಗೆ ಮಗ ರವಿಕುಮಾರ ಆ ಕೋಣೆಯಿಂದ ತಾಯಿಯ ಮಂಚವನ್ನು ಹಾಲಿಗೆ ಎಳೆದು ಹಾಕಿ, ಒಳಗೆ ಐದು ಬಂದೂಕು ಇಟ್ಟು ಬೀಗ ಹಾಕಿದ.

ಹಳೆಯ ಬಂದೂಕುಗಳು. ಎಲ್ಲವೂ ಹತ್ತೊಂಬತ್ತನೇ ಶತಮಾನದವು, ಎಲ್ಲವೂ ಸೈನ್ಯದವು. ಒಂದು ಎನ್‌ಫೀಲ್ಡ್, ಒಂದು ಸ್ನೈಡರ್, ಮೂರು ಮಾರ್ಟಿನಿ. ಹಾರಿಸಲು ಬರುವಂಥವಲ್ಲ. ಪ್ರಾಚ್ಯವಸ್ತು ಎಂದು ಕಾಗದಪತ್ರ ಮಾಡಿಸಿಟ್ಟಿದ್ದ. ಅವುಗಳ ಹೆಚ್ಚುಗಾರಿಕೆ ಒಂದೇ: ನೂರೈವತ್ತು ವರ್ಷ ಕಳೆದರೂ ನಳಿಗೆಯ ಮೇಲೆ ತುಕ್ಕಿಲ್ಲ, ಮರದ ಹಿಡಿಯಲ್ಲಿ ಬಿರುಕಿಲ್ಲ, ಕಬ್ಬಿಣಕ್ಕೆ ಹೊಡೆದ ಮುದ್ರೆಗಳು ಇವತ್ತಿಗೂ ಅಕ್ಷರ ಅಕ್ಷರವಾಗಿ ಓದಲು ಬರುತ್ತವೆ. ಹಾಗೆಯೇ ಉಳಿಸಿಕೊಳ್ಳುವುದು ರವಿಕುಮಾರನ ಕೆಲಸ. ವಿಮಾ ಕಚೇರಿಯೊಂದರಲ್ಲಿ ಅವನಿಗೆ ನೌಕರಿಯೂ ಇತ್ತು, ಆದರೆ ಅದು ಸಂಬಳಕ್ಕಾಗಿ.

ಕಕ್ಕಸೆಂದರೆ ನೀರು, ನೀರೆಂದರೆ ತೇವ, ತೇವವೆಂದರೆ ತುಕ್ಕು. ಹೀಗಾಗಿ ಅವನು ಒಳಗಿನ ಕಕ್ಕಸಿಗೆ ಹೋಗುವ ನೀರಿನ ವಾಲ್ವ್ ತಿರುಗಿಸಿ, ಕಮೋಡನ್ನು ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಬಾಗಿಲು ಮುಚ್ಚಿ ಸುತ್ತಲೂ ಅಗಲವಾದ ಕಂದು ಟೇಪು ಅಂಟಿಸಿದ. ಕೋಣೆಯಲ್ಲಿ ತೇವ ಹೀರುವ ಮೆಷಿನ್ನು ಹಗಲೂ ರಾತ್ರಿ ಓಡುತ್ತಿತ್ತು. ಅದರ ಹೊಟ್ಟೆಯೊಳಗಿನ ಪುಟ್ಟ ಟ್ಯಾಂಕಿನಲ್ಲಿ ದಿನಕ್ಕೆ ಎರಡು ಲೀಟರ್ ನೀರು ತುಂಬಿಕೊಳ್ಳುತ್ತಿತ್ತು. ಅದನ್ನು ಚೆಲ್ಲದಿದ್ದರೆ ಕೆಂಪು ದೀಪ ಹತ್ತಿ ಮೆಷಿನ್ನು ನಿಂತುಬಿಡುತ್ತದೆ. ಚೆಲ್ಲುವ ಕೆಲಸ ಹೆಂಡತಿ ಇಂದ್ರಾಣಿಯದು. ಕೋಣೆಯ ಎರಡನೇ ಬೀಗದಕೈ ಅವಳಿಗೆ ಸಿಕ್ಕಿದ್ದು ಇದೊಂದಕ್ಕೇ. ಮೂರು ವರ್ಷ ಅವಳು ಬೆಳಗ್ಗೆ ಎದ್ದು, ಹಾಲು ಒಲೆಗಿಟ್ಟು, ಬಂದೂಕುಗಳ ನೀರನ್ನು ಹೊರಗೆ ಚೆಲ್ಲಿ ಬಂದಳು.

ಆ ಜುಲೈನಲ್ಲಿ ಪಾರ್ವತಮ್ಮನ ಬಲ ಮಂಡಿಗೆ ಆಪರೇಷನ್ ಆಯಿತು. ಆಕೆಗೆ ಎಪ್ಪತ್ತೆರಡು ವರ್ಷ, ಜೊತೆಗೆ ಹಳೇ ಸಕ್ಕರೆ ಕಾಯಿಲೆ. ಮನೆಗೆ ಕಳಿಸುವಾಗ ಡಾಕ್ಟರು ರವಿಕುಮಾರನನ್ನು ಕೇಳಿದರು. "ಇನ್ಮೇಲೆ ಇವರು ಕುಕ್ಕರಗಾಲಲ್ಲಿ ಕೂರೋ ಹಾಗಿಲ್ಲ. ಮನೇಲಿ ವೆಸ್ಟರ್ನ್ ಕಮೋಡ್ ಇದೆ ತಾನೆ?"

"ಇದೆ ಸಾರ್."

ಸುಳ್ಳೇನೂ ಹೇಳಲಿಲ್ಲ.

ಮಾರನೆಯ ದಿನ ಕತ್ರಿಗುಪ್ಪೆಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದ, ನಡುವೆ ತೂತಿರುವಂಥದ್ದು. ಮನೆಯವರೆಲ್ಲ ಬಳಸುತ್ತಿದ್ದ ಹಳೇ ಕಕ್ಕಸು ಹೊರಗೆ, ಪಕ್ಕದ ಓಣಿಯಲ್ಲಿ, ಮಹಡಿ ಮೆಟ್ಟಿಲಿನ ಕೆಳಗಿತ್ತು. ಕುರ್ಚಿ ಅದರೊಳಗೆ ಹಿಡಿಯಿತು, ಆದರೆ ಬಾಗಿಲು ಮುಚ್ಚಲಿಲ್ಲ. ಇಂದ್ರಾಣಿ ತನ್ನ ಹಳೇ ಸೀರೆಯೊಂದನ್ನು ಎರಡು ಮೊಳೆಗೆ ಕಟ್ಟಿ ಪರದೆ ಮಾಡಿದಳು. ಮಹಡಿಯಲ್ಲಿ ಬಾಡಿಗೆಗೆ ನಾಲ್ಕು ಜನ ಗಂಡುಹುಡುಗರಿದ್ದರು. ಅವರು ಹತ್ತಿ ಇಳಿಯುವ ದಾರಿ ಆ ಪರದೆಯಿಂದ ಎರಡು ಅಡಿ. ಗಾಳಿ ಬೀಸಿದರೆ ಸೀರೆ ಹಾರುತ್ತಿತ್ತು.

ಆಗಸ್ಟಿನ ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಹಾಲಿನಲ್ಲಿ ಕೂತು ಮುದ್ದೆ, ಹುರುಳಿಕಾಳಿನ ಸಾರು ಊಟ ಮಾಡುತ್ತಿದ್ದರು. ಪಾರ್ವತಮ್ಮ ಮಂಚದ ಮೇಲೆ, ಉಳಿದವರು ಕೆಳಗೆ.

"ಅಪ್ಪ, ಒಂದು ಡೌಟು," ಎಂದಳು ಮಗಳು ಮೈತ್ರಿ. ಎರಡನೇ ಪಿಯುಸಿ ಓದುತ್ತಿದ್ದಳು. "ನಿನ್ನ ಸ್ನೈಡರ್ ಯಾವ ಇಸವಿದು?"

ರವಿಕುಮಾರನ ಮುಖ ಅರಳಿತು. ಮನೆಯಲ್ಲಿ ಯಾರಾದರೂ ಬಂದೂಕಿನ ವಿಷಯ ಕೇಳಿದ್ದು ಅದೇ ಮೊದಲು. "ಹದಿನೆಂಟುನೂರ ಅರವತ್ತೊಂಬತ್ತು. ಯಾಕೆ ಪುಟ್ಟಿ?"

"ಏನಿಲ್ಲ. ಅಜ್ಜಿಗಿಂತ ವಯಸ್ಸಲ್ಲಿ ದೊಡ್ಡೋರು ಅಂತ ರೂಮ್ ಬಿಟ್ಕೊಟ್ಟಿದೀಯಾ ಅಂತ ಕೇಳ್ದೆ."

ಪಾರ್ವತಮ್ಮನಿಗೆ ನಗು ಬಂದು ಸಾರು ನೆತ್ತಿಗೇರಿತು. ಇಂದ್ರಾಣಿ ಎದ್ದು ಆಕೆಯ ಬೆನ್ನು ತಟ್ಟಿದಳು.

"ಬಾಯಿ ಜಾಸ್ತಿ ಆಯ್ತು ಇವಳ್ದು," ಎಂದ ರವಿಕುಮಾರ.

"ಅವಳು ಕೇಳಿದ್ರಲ್ಲಿ ತಪ್ಪೇನಿದೆ ರೀ? ಒಂದು ಟೇಪು ಕಿತ್ರೆ ಮುಗಿಯೋ ಕೆಲಸ. ಬಂದೂಕನ್ನ ನಮ್ಮ ಸಣ್ಣ ರೂಮಿಗೆ ಹಾಕಿ, ನಾವು ಹಾಲಲ್ಲಿ ಮಲಗೋಣ."

"ಸಣ್ಣ ರೂಮಿನ ಗೋಡೆ ಆಚೆಗೇ ಅಡುಗೆಮನೆ. ದಿನಾ ಎರಡು ಹೊತ್ತು ಕುಕ್ಕರ್ ಹಬೆ. ನಿಂಗೆ ಎಷ್ಟು ಸಲ ಹೇಳೋದು? ಆ ತೇವದ ಮೀಟರ್ ಐವತ್ತರ ಕೆಳಗೆ ನಿಂತಿರೋದೇ ಕಷ್ಟದಲ್ಲಿ. ಒಂದು ಸಲ ತುಕ್ಕು ಹತ್ತಿದ್ರೆ ಹೋಯ್ತು, ಮತ್ತೆ ಬರಲ್ಲ ಅದು."

"ಅತ್ತೆ ಮಂಡಿ ಮತ್ತೆ ಬರತ್ತಾ?"

"ಕುರ್ಚಿ ತಂದ್ಕೊಟ್ಟಿದೀನಲ್ಲ!"

"ಬಾಗಿಲು ಹಾಕ್ಕೊಳಕ್ಕಾಗುತ್ತಾ ಅದರಲ್ಲಿ? ನೀವು ಒಂದು ದಿನ ಕೂತ್ಕೊಳಿ, ನೋಡೋಣ, ಮೇಲಿನ ಹುಡುಗರು ಇಳಿಯೋ ಹೊತ್ತಲ್ಲಿ."

"ಹೋಗ್ಲಿ ಬಿಡಮ್ಮ," ಎಂದಳು ಪಾರ್ವತಮ್ಮ. "ನಂಗೇನು ಕಷ್ಟ ಇಲ್ಲ. ಅವನಿಗೂ ಒಂದು ಆಸೆ. ಕುಡಿಯಲ್ಲ, ಇಸ್ಪೀಟ್ ಆಡಲ್ಲ."

ಕುಡಿಯಲ್ಲ, ಇಸ್ಪೀಟ್ ಆಡಲ್ಲ. ಇಪ್ಪತ್ತು ವರ್ಷದಿಂದ ಇಂದ್ರಾಣಿ ಈ ಮಾತು ಕೇಳಿಸಿಕೊಂಡು ಬಂದಿದ್ದಳು. ಗಂಡಸು ಎರಡು ಕೆಲಸ ಮಾಡದೇ ಇದ್ದರೆ ಸಾಕು, ಮಿಕ್ಕಿದ್ದನ್ನೆಲ್ಲ ಮನೆಯವರು ಸಹಿಸಿಕೊಳ್ಳಬೇಕು.

ಸೆಪ್ಟೆಂಬರಿನಲ್ಲಿ ಶ್ರೀಕರ್ ಬಂದರು. ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ಅಜ್ಜನ ಕಾಲದ ಮನೆ, ಅದರ ಮಹಡಿಯ ತುಂಬ ಹಳೆಯ ಕತ್ತಿ, ಬಂದೂಕು. ದಸರಾ ಮುಗಿದ ಮೇಲೆ ಜಯನಗರದ ಒಂದು ಹಾಲಿನಲ್ಲಿ ಹಳೇ ಸೈನ್ಯದ ಬಂದೂಕುಗಳ ಪ್ರದರ್ಶನ ಇಡುವವರಿದ್ದರು. ಯಾರ ಸಂಗ್ರಹದಿಂದ ಏನು ತೆಗೆದುಕೊಳ್ಳಬೇಕೆಂದು ತೀರ್ಮಾನಿಸುವವರು ಅವರೇ. ರವಿಕುಮಾರ ಬೆಳಗ್ಗೆಯೇ ಇಸ್ತ್ರಿ ಶರ್ಟು ಹಾಕಿ, ಹೊಸ ಪಿಂಗಾಣಿ ಕಪ್ಪುಗಳನ್ನು ತಂದಿಟ್ಟಿದ್ದ.

ಶ್ರೀಕರ್ ಜೇಬಿನಿಂದ ಬಿಳಿ ಹತ್ತಿಯ ಗ್ಲೌಸು ತೆಗೆದು ಹಾಕಿಕೊಂಡು ಒಂದೊಂದನ್ನೇ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಇಂದ್ರಾಣಿ ಕಾಫಿ ತಂದು ಬಾಗಿಲಲ್ಲಿ ನಿಂತಳು.

"ಮಾರ್ವಲಸ್, ರವಿಕುಮಾರ್. ಈ ಕಂದು ಬಣ್ಣ ನೋಡಿ, ಫ್ಯಾಕ್ಟರಿಯಿಂದ ಬಂದ ಹಾಗೇ ಇದೆ. ಯಾರೂ ಉಜ್ಜಿಲ್ಲ, ಪಾಲಿಶ್ ಹೊಡೆದಿಲ್ಲ. ನಮ್ಮಲ್ಲಿ ದುಡ್ಡಿರೋರೇ ಹಾಳು ಮಾಡಿಟ್ಟಿದಾರೆ. ಇಷ್ಟು ಪ್ರಿಸರ್ವ್ ಮಾಡೋದು ಎಲ್ಲರ ಕೈಲಾಗಲ್ಲ ಬಿಡಿ."

"ಎಲ್ಲಾ ನಿಮ್ಮ ಗೈಡೆನ್ಸ್ ಸಾರ್."

"ಸ್ನೈಡರ್ ಒಂದು, ಮಾರ್ಟಿನಿ ಎರಡು, ಮೂರನ್ನೂ ಎಕ್ಸಿಬಿಷನ್ನಿಗೆ ತಗೊಳೋಣ. ಆಮೇಲೆ ಬೇಕಾದ್ರೆ ಐದೂ ಬಂದೂಕು ಆರು ತಿಂಗಳು ನಮ್ಮನೇಲೇ ಇರ್ಲಿ, ಜನ ನೋಡ್ತಾರೆ." ಕಪ್ಪು ಕೆಳಗಿಟ್ಟರು. "ಅಂದ ಹಾಗೆ, ನಿಮ್ಮ ವಾಶ್‌ರೂಮ್ ಎಲ್ಲಿ?"

ರವಿಕುಮಾರ ಹೆಂಡತಿಯ ಮುಖ ನೋಡಿದ. ಇಂದ್ರಾಣಿ ಅವನ ಮುಖ ನೋಡಿದಳು. ಹೊರಗೆ ಮಳೆ ಹನಿಯುತ್ತಿತ್ತು. ಮೆಟ್ಟಿಲಿನ ಕೆಳಗೆ ತೂತಿನ ಕುರ್ಚಿ, ನೆನೆದ ಸೀರೆ.

"ಒಂದೇ ನಿಮಿಷ ಸಾರ್," ಎಂದ ರವಿಕುಮಾರ. ಮೇಜಿನ ಖಾನೆಯಿಂದ ಬ್ಲೇಡು ತೆಗೆದು, ಮೂರು ವರ್ಷದ ಟೇಪನ್ನು ಚರ್ರನೆ ಕೊಯ್ದ. ವಾಲ್ವ್ ತಿರುಗಿಸಿದ. ಪೈಪು ಕೆಮ್ಮಿತು, ಮೊದಲು ಕೆಂಪು ನೀರು ಬಂತು, ಆಮೇಲೆ ತಿಳಿ ನೀರು. ಕಮೋಡಿನ ಸೀಟನ್ನು ತಾನೇ ಬಗ್ಗಿ ಒರೆಸಿದ. "ಬನ್ನಿ ಸಾರ್."

ಸ್ವಲ್ಪ ಹೊತ್ತಿಗೆ ಫ್ಲಶ್ ಮಾಡಿದ ಸದ್ದು ಕೇಳಿತು. ಹಾಲಿನ ಮಂಚದ ಮೇಲಿದ್ದ ಪಾರ್ವತಮ್ಮ ತಲೆ ಎತ್ತಿದಳು.

"ಬಹಳ ನೀಟಾಗಿ ಕಟ್ಟಿದೆ," ಎಂದರು ಶ್ರೀಕರ್, ಕೈ ಒರೆಸಿಕೊಳ್ಳುತ್ತ. "ಹಳೇ ಮೇಸ್ತ್ರಿ ಕೆಲಸ ಇರಬೇಕು. ಈಗಿನೋರಿಗೆ ಟೈಲ್ಸ್ ಕೂರಿಸಕ್ಕೇ ಬರಲ್ಲ."

ಪಾರ್ವತಮ್ಮ ಮಗನನ್ನು ನೋಡಿದಳು. ಅಪ್ಪ ಕಟ್ಟಿದ್ದು ಎಂದು ಅವನು ಹೇಳುತ್ತಾನೆಂದು ಕಾದಳು.

"ಥ್ಯಾಂಕ್ಯೂ ಸಾರ್," ಎಂದ ರವಿಕುಮಾರ.

ಕಾರು ಓಣಿಯ ತಿರುವು ದಾಟುವುದರೊಳಗೆ ಅವನು ಒಳಗೆ ಓಡಿ ಬಂದು ವಾಲ್ವ್ ಮುಚ್ಚಿದ, ಕಮೋಡಿನೊಳಗಿನ ನೀರನ್ನು ಸ್ಪಂಜಿನಲ್ಲಿ ಹೀರಿ ತೆಗೆದ, ನೆಲ ಒರೆಸಿದ. ಹೊಸ ಟೇಪಿನ ಸುರುಳಿ ಹಲ್ಲಿನಲ್ಲಿ ಕಚ್ಚಿ ಬಿಡಿಸುತ್ತಿದ್ದಾಗ ಪಾರ್ವತಮ್ಮ ವಾಕರ್ ಹಿಡಿದು ಕೋಣೆಯ ಬಾಗಿಲಿಗೆ ಬಂದು ನಿಂತಳು.

"ರವಿ, ಹೆಂಗೂ ತೆಗೆದಿದೀಯಲ್ಲ. ಒಂದ್ಸಲ ಹೋಗಿ ಬಂದ್ಬಿಡ್ಲೇನಪ್ಪ?"

"ಈಗ ತಾನೆ ಒರೆಸಿದೆನಲ್ಲಮ್ಮ."

ಪಾರ್ವತಮ್ಮ ವಾಕರ್ ತಿರುಗಿಸಿಕೊಂಡು, ಅಡುಗೆಮನೆ ದಾಟಿ, ಎರಡು ಮೆಟ್ಟಿಲು ಇಳಿದು, ಮಳೆಯಲ್ಲಿ ಓಣಿಗೆ ಹೋದಳು. ಇಂದ್ರಾಣಿ ಕೊಡೆ ಹಿಡಿದು ಜೊತೆಗೆ ಹೋಗಿ, ಪರದೆಯ ಹೊರಗೆ ಬೆನ್ನು ತಿರುಗಿಸಿ ನಿಂತಳು. ವಾಪಸು ಬಂದವಳು ಗಂಡನ ಕೈಯಿಂದ ಟೇಪು ಕಿತ್ತು ಗೋಡೆಗೆ ಎಸೆದಳು.

"ಆ ಯಪ್ಪನಿಗೆ ಕಿತ್ತ ಟೇಪು ಹೆತ್ತ ತಾಯಿಗೆ ಕೀಳಕ್ಕಾಗಲ್ವೇನ್ರಿ? ಅವರದ್ದು ಒಣ ಉಚ್ಚೆ, ಇವರದ್ದು ತೇವನಾ?"

"ಮೆಲ್ಲಗೆ ಮಾತಾಡು! ಬಂದ ಗೆಸ್ಟನ್ನ ಆ ಕಕ್ಕಸಿಗೆ ಕಳಿಸ್ಲಾ? ಏನಂದ್ಕೊಳಲ್ಲ ಅವರು?"

"ಅತ್ತೆ ಏನಂದ್ಕೊಂಡ್ರು ಅಂತ ಕೇಳಿದ್ರಾ?"

"ಒಂದು ದಿನದ ಮಾತು ಅದು. ಅಮ್ಮಂದು ದಿನಾ."

"ಅದಕ್ಕೇ ಅಲ್ವಾ ನಾನು ಹೇಳ್ತಿರೋದು, ದಿನಾ ಅಂತ!"

ಸಂಜೆ ಪಾರ್ವತಮ್ಮ ಹುರುಳಿಕಾಯಿ ನಾರು ತೆಗೆಯುತ್ತ, ಯಾರನ್ನೂ ನೋಡದೆ ಹೇಳಿದಳು: "ನಿಮ್ಮಪ್ಪ ಜಯನಗರದಲ್ಲಿ ಎಷ್ಟು ಮನೆಗೆ ಕಕ್ಕಸು ಕಟ್ಟಿದ್ರೋ ಲೆಕ್ಕ ಇಲ್ಲ. ಟೈಲ್ಸು ಕೂರಿಸಿ, ನೀರು ಬಿಟ್ಟು ನೋಡಿ, ಆಮೇಲೆ ತಾವು ಖಾಲಿ ಸೈಟು ಹುಡುಕ್ಕೊಂಡು ಹೋಗೋರು. ಒಂದರಲ್ಲೂ ಕೂರಕ್ಕೆ ಬಿಡ್ಲಿಲ್ಲ ಅವರನ್ನ. ಅದಕ್ಕೇ ನಂಗೆ ಇಲ್ಲಿ ಕಟ್ಕೊಟ್ರು." ನಾರನ್ನು ಪೇಪರಿನ ಮೇಲೆ ಹಾಕಿದಳು. "ಇವತ್ತು ಜಯನಗರದೋರು ಬಂದು ಕೂತು ಹೋದ್ರು."

ರವಿಕುಮಾರ "ಅಮ್ಮ, ಎಕ್ಸಿಬಿಷನ್ ಒಂದು ಮುಗೀಲಿ," ಎಂದ. "ಐದೂ ಅವರ ಮನೆಗೆ ಹೋಗತ್ತೆ. ಅದೇ ದಿನ ಟೇಪು ಕಿತ್ತು ನಿನ್ನ ಮಂಚ ಒಳಗೆ ಹಾಕ್ತೀನಿ. ಇನ್ನು ಮೂರು ವಾರ ಅಷ್ಟೇ."

"ಮೂರು ವಾರ ತಾನೆ," ಎಂದಳು ಪಾರ್ವತಮ್ಮ. "ಹೆಂಗೋ ಆಗತ್ತೆ."

ಹೇಗೆ ಆಗುತ್ತದೆಂದು ಯಾರೂ ಕೇಳಲಿಲ್ಲ.

ಇಂದ್ರಾಣಿ ಕತ್ರಿಗುಪ್ಪೆಯ ಬಟ್ಟೆ ಅಂಗಡಿಯಲ್ಲಿ ಬಿಲ್ಲು ಹಾಕುತ್ತಿದ್ದಳು. ಒಂಬತ್ತೂವರೆಗೆ ಮನೆ ಬಿಡುವಾಗ ಅತ್ತೆಯ ಮಂಚದ ಪಕ್ಕದ ಸ್ಟೂಲಿನ ಮೇಲೆ ದೊಡ್ಡ ಚೊಂಬಿನಲ್ಲಿ ನೀರು ತುಂಬಿಟ್ಟು, "ಪೂರ್ತಿ ಕುಡೀಬೇಕು ಅತ್ತೆ, ಸಕ್ಕರೆ ಇರೋರಿಗೆ ನೀರು ಮುಖ್ಯ," ಎಂದು ಹೇಳಿ ಹೋಗುತ್ತಿದ್ದಳು. ಸಂಜೆ ಏಳೂವರೆಗೆ ಬಂದು ನೋಡಿದರೆ ಚೊಂಬು ಖಾಲಿ. ಅವಳಿಗೆ ಸಮಾಧಾನ. ಅಂಗಡಿಯಲ್ಲಿ ಹೆಣ್ಣುಮಕ್ಕಳಿಗೆ ಕಕ್ಕಸಿರಲಿಲ್ಲ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಎದುರಿನ ಹೋಟೆಲಿಗೆ ಹೋಗಬೇಕು. ಅದಕ್ಕೇ ಅವಳೂ, ಜೊತೆಯ ಹುಡುಗಿಯರೂ ಎರಡು ಗಂಟೆಯವರೆಗೆ ಗುಟುಕು ನೀರು ಕುಡಿಯುತ್ತಿರಲಿಲ್ಲ. ಆ ಉಪಾಯ ತಾನೇ ದಿನಾ ಮಾಡುತ್ತಿದ್ದವಳಿಗೆ ಅತ್ತೆಯ ವಿಷಯದಲ್ಲಿ ಅದು ಹೊಳೆಯಲಿಲ್ಲ.

ಹದಿನೈದು ದಿನಕ್ಕೆ ಮಂಚದ ಹಿಂದಿನ ಕಿಟಕಿಯಲ್ಲಿದ್ದ ದೊಡ್ಡಪತ್ರೆ ಗಿಡ ಕೊಳೆತು ಬಾಗಿತು. ಕುಂಡದ ಮಣ್ಣು ಕೆಸರಾಗಿತ್ತು.

"ಮೈತ್ರಿ, ಎಷ್ಟು ನೀರು ಹಾಕ್ತೀಯೇ ಇದಕ್ಕೆ? ಸಾಯಿಸಿಬಿಟ್ಯಲ್ಲೇ ಗಿಡಾನ!"

"ನಾನು ಮುಟ್ಟೇ ಇಲ್ಲಮ್ಮ."

"ಮತ್ಯಾರು, ಬುದ್ಧ ಎದ್ದು ಬಂದು ಹಾಕಿದ್ನಾ?" ಗೋಡೆಯ ಮೇಲಿದ್ದ ಬುದ್ಧನ ಪಟ ತೋರಿಸಿ ಇಂದ್ರಾಣಿ ರೇಗಿದಳು. ಪಾರ್ವತಮ್ಮ ಕಣ್ಣು ಮುಚ್ಚಿ ಮಲಗಿದ್ದಳು. ಮಾತು ಅಲ್ಲಿಗೇ ನಿಂತಿತು.

ಆಯುಧಪೂಜೆಯ ದಿನ ಬೀದಿಯಲ್ಲೆಲ್ಲ ಬೈಕು ತೊಳೆದು, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆಯುತ್ತಿದ್ದರು. ಇವರ ಮನೆಯಲ್ಲಿ ಪೂಜೆ ಬಿಟ್ಟು ಬಹಳ ವರ್ಷವಾಗಿತ್ತು. ಆದರೂ ಆ ದಿನ ಪಾರ್ವತಮ್ಮ ಗಂಡನ ಗಾರೆ ಕರಣೆಯನ್ನು ತಪ್ಪದೆ ತೊಳೆಯುತ್ತಿದ್ದಳು. "ಪೂಜೆ ಅಲ್ಲ, ತೊಳೀತೀನಿ ಅಷ್ಟೇ," ಎನ್ನುತ್ತಿದ್ದಳು. ಇಂದ್ರಾಣಿ ಅಟ್ಟದ ಮೇಲಿನ ಚೀಲದಿಂದ ಕರಣೆ ಇಳಿಸಿ, ಬೇಸಿನ್ನಿನಲ್ಲಿ ನೀರು ಹಾಕಿ ಅತ್ತೆಯ ಮುಂದಿಟ್ಟಳು.

ಪಾರ್ವತಮ್ಮ ಕರಣೆಗೆ ಸೋಪು ಹಚ್ಚಿದಳು. ಕೈ ನಡುಗುತ್ತಿತ್ತು. ಸೋಪು ಹಚ್ಚಿದ ಜಾಗಕ್ಕೇ ಮತ್ತೆ ಮತ್ತೆ ಹಚ್ಚಿದಳು.

"ಮೇಸ್ತ್ರಿ ಊಟಕ್ಕೆ ಬಂದ್ರೇನಕ್ಕ?" ಎಂದು ಸೊಸೆಯನ್ನು ಕೇಳಿದಳು.

"ಅತ್ತೆ? ನಾನು ಇಂದ್ರಾಣಿ."

"ಬರ್ತಾರೆ, ಬರ್ತಾರೆ." ಪಾರ್ವತಮ್ಮ ಕರಣೆ ಬಿಟ್ಟು ಸ್ಟೂಲಿನ ಮೇಲಿದ್ದ ಚೊಂಬನ್ನು ಎತ್ತಿಕೊಂಡಳು. ಕುಡಿಯುತ್ತಾಳೆಂದು ಇಂದ್ರಾಣಿ ನೋಡುತ್ತಿದ್ದಂತೆ, ಹಿಂದಕ್ಕೆ ತಿರುಗಿ, ಅಭ್ಯಾಸವಾದ ಕೈಯಲ್ಲಿ, ಸತ್ತ ದೊಡ್ಡಪತ್ರೆಯ ಕುಂಡಕ್ಕೆ ಅಷ್ಟನ್ನೂ ಸುರಿದಳು.

"ಏನ್ಮಾಡ್ತಿದೀರ ಅತ್ತೆ!"

"ಹುಡುಗರು ಮೆಟ್ಟಿಲ ಮೇಲೇ ಇರ್ತಾರೆ ಕಣಮ್ಮ ಇಡೀ ದಿನ. ಕುಡಿದ್ರೆ ಹೋಗ್ಬೇಕಾಗತ್ತೆ. ಮೂರೇ ವಾರ ತಾನೆ."

ಇಂದ್ರಾಣಿ ಹಣೆ ಮುಟ್ಟಿ ನೋಡಿದಳು. ಕಾದ ಹೆಂಚು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ: "ದಿನಕ್ಕೆ ಎಷ್ಟು ನೀರು ಕುಡೀತಿದ್ರು?"

ರವಿಕುಮಾರ ಹೆಂಡತಿಯ ಕಡೆ ನೋಡಿದ. ಇಂದ್ರಾಣಿ ನೆಲ ನೋಡಿದಳು.

"ಮಾತ್ರೆ ನುಂಗಕ್ಕೆ ಎಷ್ಟು ಬೇಕೋ ಅಷ್ಟು," ಎಂದಳು ಮೈತ್ರಿ. "ಬೆಳಗ್ಗೆ ಒಂದು ಲೋಟ, ರಾತ್ರಿ ಒಂದು ಲೋಟ."

"ಯಾಕೆ?"

"ಮನೇಲಿ ಕಕ್ಕಸಿಗೆ ಬೀಗ ಹಾಕಿದೀವಿ ಮೇಡಂ."

ಡಾಕ್ಟರಮ್ಮ ಬರೆಯುವುದು ನಿಲ್ಲಿಸಿ ತಲೆ ಎತ್ತಿದರು. ಆಮೇಲೆ ಮತ್ತೆ ಬರೆದರು. ಮೂತ್ರದ ಸೋಂಕು ಮೇಲಕ್ಕೇರಿತ್ತು. ಸಕ್ಕರೆ ಮುನ್ನೂರೈವತ್ತು ದಾಟಿತ್ತು. ಎಡಗಡೆಯ ಕಿಡ್ನಿ ಪೂರ್ತಿ ಕೀವು ತುಂಬಿಕೊಂಡಿತ್ತು. ಎರಡನೇ ದಿನ ಅದನ್ನು ತೆಗೆದರು.

ರವಿಕುಮಾರ ಕಚೇರಿಗೆ ರಜೆ ಹಾಕಿ ಐಸಿಯು ಮುಂದಿನ ಬೆಂಚಿನಲ್ಲೇ ಕೂತ. ಸ್ನಾನವೂ ಆಸ್ಪತ್ರೆಯಲ್ಲೇ, ಮನೆಗೆ ಬರಲೇ ಇಲ್ಲ. ಅವನ ಕಣ್ಣು ಕೆಂಪಾಗಿತ್ತು. ಅತ್ತದ್ದಕ್ಕೋ ನಿದ್ದೆ ಇಲ್ಲದ್ದಕ್ಕೋ ಇಂದ್ರಾಣಿ ವಿಚಾರಿಸಲಿಲ್ಲ. ಮೂರನೇ ದಿನ ಅವಳು ಮನೆಯಲ್ಲಿ ಗಂಜಿ ಬೇಯಿಸುತ್ತಿದ್ದಾಗ ಮಗಳಿಗೆ ಅವನ ಫೋನ್ ಬಂತು. ಮೈತ್ರಿ ಸ್ಪೀಕರಿಗೆ ಹಾಕಿದಳು.

"ಪುಟ್ಟಿ, ಟ್ಯಾಂಕು ಖಾಲಿ ಮಾಡಿದ್ಯಾ?"

"ಯಾವ ಟ್ಯಾಂಕಪ್ಪ? ಅಜ್ಜಿ ಮಂಚಕ್ಕೆ ತಗುಲಿಸಿದಾರಲ್ಲ, ಆ ಚೀಲನಾ? ಅದನ್ನ ನರ್ಸ್ ಮಾಡ್ತಾರೆ."

"ತಲೆಹರಟೆ ಮಾಡ್ಬೇಡ. ಮೆಷಿನ್ನಿದು. ನಿಮ್ಮಮ್ಮನ ಬೀಗದಕೈ ಅಡುಗೆಮನೆ ಮೊಳೇಲಿದೆ ನೋಡು."

ಮೈತ್ರಿ ಮೊಳೆಯ ಕಡೆ ನೋಡಿದಳು. ಬೀಗದಕೈ ಅಲ್ಲೇ ನೇತಾಡುತ್ತಿತ್ತು.

"ಮಾಡಿದೆ ಅಪ್ಪ."

"ಮೀಟರ್ ಎಷ್ಟಿದೆ?"

"ನಲವತ್ತೆಂಟು."

"ಜಾಣೆ. ದಿನಾ ಮರೀಬೇಡ."

ಫೋನು ಇಟ್ಟಳು. ಇಂದ್ರಾಣಿ ಸೌಟು ಹಿಡಿದು ಮಗಳನ್ನು ನೋಡಿದಳು. ಬಯ್ಯಬೇಕು ಅನಿಸಲಿಲ್ಲ. ಬೀಗದಕೈ ಕೈಗೆತ್ತಿಕೊಳ್ಳಬೇಕು ಅಂತಲೂ ಅನಿಸಲಿಲ್ಲ. "ಆ ಟಿಫನ್ ಡಬ್ಬಿ ತೊಳ್ಕೊಡು," ಎಂದಳು.

ಅದಾದ ಮೇಲೆ ರವಿಕುಮಾರ ದಿನಾ ಕೇಳಿದ. ಮೈತ್ರಿ ದಿನಾ ಒಂದು ಸಂಖ್ಯೆ ಹೇಳಿದಳು.

ಪ್ರದರ್ಶನದ ಹಿಂದಿನ ದಿನ ಶ್ರೀಕರ್ ಫೋನ್ ಮಾಡಿದರು. ರವಿಕುಮಾರ ಬೆಂಚಿನಿಂದ ಎದ್ದು ನಿಂತು ಮಾತಾಡಿದ. "ಸಾರ್, ಅಮ್ಮಂಗೆ ಹುಷಾರಿಲ್ಲ, ಐಸಿಯುಲಿದಾರೆ. ಗಾಡಿ ಕಳಿಸಿದ್ರೆ ನಾನು ಮನೆಗೆ ಹೋಗಿ ಪ್ಯಾಕ್ ಮಾಡಿ..."

"ಅಯ್ಯೋ, ತೊಂದರೆ ತಗೋಬೇಡಿ ರವಿಕುಮಾರ್. ವಸಂತಪುರದಲ್ಲಿ ಇನ್ನೊಬ್ಬರ ಹತ್ರ ಒಂದು ಸ್ನೈಡರ್ ಸಿಕ್ತು. ಅಡ್ಜಸ್ಟ್ ಆಗತ್ತೆ. ತಾಯಿಯವರನ್ನ ನೋಡ್ಕೊಳಿ."

ಫೋನು ಕಟ್ಟಾಯಿತು. ರವಿಕುಮಾರ ಅದನ್ನು ಕಿವಿಯಿಂದ ತೆಗೆಯಲೇ ಇಲ್ಲ.

"ಅತ್ತೆ ಮನೆಗೆ ಬಂದ್ರೆ ಆ ರೂಮಿಗೇ," ಎಂದಳು ಪಕ್ಕದಲ್ಲಿ ಕೂತಿದ್ದ ಇಂದ್ರಾಣಿ.

"ಹ್ಞೂಂ," ಎಂದ. "ಆಯ್ತು."

ಹನ್ನೆರಡನೇ ದಿನ ಪಾರ್ವತಮ್ಮನನ್ನು ಮನೆಗೆ ಕಳಿಸಿದರು. ಮಂಚಕ್ಕೆ ಜಾಗ ಮಾಡಲು ರವಿಕುಮಾರ ಬೆಳಗ್ಗೆಯೇ ಬಂದು ಕೋಣೆಯ ಬೀಗ ತೆಗೆದ. ಒಳಗಿನಿಂದ ಹಸಿ ಕಬ್ಬಿಣದ ವಾಸನೆ ಬಂತು. ಮೆಷಿನ್ನಿನ ಕೆಂಪು ದೀಪ ಉರಿಯುತ್ತಿತ್ತು. ಮೀಟರಿನಲ್ಲಿ ಎಂಬತ್ತಮೂರು.

ಹನ್ನೆರಡು ದಿನದಲ್ಲಿ ಒಂಬತ್ತು ದಿನ ಮಳೆ ಹೊಡೆದಿತ್ತು. ಮೊದಲೇ ಕೆರೆಯ ಪಕ್ಕದ ಮನೆ. ಅವನು ಸ್ನೈಡರಿನ ಫ್ಲಾನೆಲ್ ಬಟ್ಟೆ ಬಿಚ್ಚಿದ. ಬಟ್ಟೆ ನಳಿಗೆಗೆ ಅಂಟಿಕೊಂಡಿತ್ತು, ಎಳೆದರೆ ಬಟ್ಟೆಯ ಮೇಲೆಲ್ಲ ಕಿತ್ತಳೆ ಬಣ್ಣದ ಪುಡಿ.

"ಮೈತ್ರೀ!"

ಮೈತ್ರಿ ಬಂದು ಬಾಗಿಲಲ್ಲಿ ನಿಂತಳು.

"ನಲವತ್ತೆಂಟು ಅಂದ್ಯಲ್ಲೇ! ದಿನಾ ಮಾಡ್ತಿದೀನಿ ಅಂದ್ಯಲ್ಲೇ!"

"ಸುಳ್ಳು ಹೇಳ್ದೆ."

"ನೂರೈವತ್ತು ವರ್ಷ! ನೂರೈವತ್ತು ವರ್ಷ ಯಾರ್ಯಾರೋ ಕಾಪಾಡ್ಕೊಂಡು ಬಂದಿದ್ದು, ಹನ್ನೆರಡು ದಿನದಲ್ಲಿ ಹಾಳು ಮಾಡಿದ್ರಿ! ಒಂದು ಟ್ಯಾಂಕು, ಎರಡು ಲೀಟರ್ ನೀರು ಚೆಲ್ಲಕ್ಕೆ ಈ ಮನೇಲಿ ಒಬ್ರಿಗೂ ಆಗ್ಲಿಲ್ವಾ?"

"ನಾನು ಮೂರು ವರ್ಷ ಚೆಲ್ಲಿದೀನಿ," ಎಂದಳು ಇಂದ್ರಾಣಿ, ಹಾಲಿನಿಂದ ಮಂಚದ ಹಾಸಿಗೆ ಎತ್ತುತ್ತ. "ಹೊಟ್ಟೆಗೆ ನೀರಿಲ್ಲದೆ ಬಿದ್ದಿದ್ದವರ ಪಕ್ಕದಲ್ಲೇ ಹಾದು ಹೋಗಿ ಚೆಲ್ಲಿದೀನಿ. ಅದಕ್ಕೆ ನಂಗೆ ನಾಚಿಕೆ ಆಗತ್ತೆ. ನಿಮಗೆ ಯಾವುದಕ್ಕೆ ಆಗತ್ತೆ, ಹೇಳಿ."

ರವಿಕುಮಾರ ಕಪಾಟಿನಿಂದ ತನ್ನ ನೀಲಿ ರಟ್ಟಿನ ರಿಜಿಸ್ಟರ್ ತೆಗೆದ. ಪ್ರತಿ ಬಂದೂಕಿಗೂ ಅದರಲ್ಲೊಂದು ಸಾಲು: ಹೆಸರು, ಇಸವಿ, ಸ್ಥಿತಿ. ಸ್ಥಿತಿಯ ಕಾಲಮ್ಮಿನಲ್ಲಿ ಮೂರು ವರ್ಷದಿಂದ ಪ್ರತಿ ತಿಂಗಳೂ 'ಉತ್ತಮ' ಎಂದು ಬರೆದಿದ್ದ. ನೆಲದ ಮೇಲೆ ಕೂತು, ಭೂತಗನ್ನಡಿ ಹಿಡಿದು, ಒಂದೊಂದನ್ನೇ ನೋಡಿ ಬರೆದುಕೊಳ್ಳಲು ಶುರುಮಾಡಿದ. ಒಂದೊಂದು ಕಲೆಯ ಮೇಲೂ ಬೆರಳಾಡಿಸಿ ನೋಡಿದ. ಅದು ನಾಟಕವಲ್ಲ. ಅವನಿಗೆ ನಿಜಕ್ಕೂ ಸಂಕಟವಾಗಿತ್ತು. ಅದನ್ನು ಕಂಡೇ ಇಂದ್ರಾಣಿಯ ಸಿಟ್ಟು ಇನ್ನೂ ಏರಿತು.

ಅವಳು ಅವನನ್ನು ದಾಟಿಕೊಂಡು ಹೋಗಿ ಕಕ್ಕಸಿನ ಬಾಗಿಲಿನ ಟೇಪು ಕಿತ್ತಳು, ವಾಲ್ವ್ ತಿರುಗಿಸಿದಳು. ತಾಯಿ ಮಗಳು ಸೇರಿ ಮಂಚವನ್ನು ಮೊದಲಿದ್ದ ಜಾಗಕ್ಕೇ ತಂದು ಹಾಕಿದರು. ಮಂಚದಿಂದ ಕಮೋಡಿಗೆ ಎಂಟು ಹೆಜ್ಜೆ.

ಹತ್ತು ಗಂಟೆಗೆ ಆಂಬುಲೆನ್ಸಿನವರು ಪಾರ್ವತಮ್ಮನನ್ನು ಸ್ಟ್ರೆಚರಿನಲ್ಲಿ ಹೊತ್ತು ತಂದು ಮಲಗಿಸಿದರು. ಆಕೆಯ ಕಾಲುಗಳು ಬಟ್ಟೆ ಒಣಹಾಕುವ ಕೋಲಿನಷ್ಟಾಗಿದ್ದವು. ಅವು ಇನ್ನು ಭಾರ ಹೊರುವುದಿಲ್ಲವೆಂದು ಡಾಕ್ಟರಮ್ಮ ಹೇಳಿದ್ದರು. ಮೂತ್ರದ ಕೊಳವೆ ಇನ್ನು ಯಾವಾಗಲೂ ಇರಬೇಕೆಂದೂ, ಉಳಿದ ಕಿಡ್ನಿಯೂ ಅರ್ಧ ಸೋತಿರುವುದರಿಂದ ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ನೀರು ಕೊಡಬಾರದೆಂದೂ ಹೇಳಿದ್ದರು. ಮೈತ್ರಿ ಚೀಲವನ್ನು ಮಂಚದ ಕಾಲಿಗೆ ತಗುಲಿಸಿದಳು.

ಪಾರ್ವತಮ್ಮ ತಲೆ ಹೊರಳಿಸಿ ತೆರೆದ ಬಾಗಿಲನ್ನು ನೋಡಿದಳು.

"ನೀರು ಬರ್ತಾ ಇದ್ಯಾ ಅದರಲ್ಲಿ?"

"ಬರ್ತಿದೆ ಅತ್ತೆ."

"ಒಂದ್ಸಲ ಬಿಡು. ಕೇಳ್ತೀನಿ."

ಇಂದ್ರಾಣಿ ಹೋಗಿ ಫ್ಲಶ್ ಮಾಡಿದಳು. ನೀರು ಸುತ್ತಿ ಇಳಿದು ಹೋಗುವವರೆಗೂ ಪಾರ್ವತಮ್ಮ ಕೇಳಿಸಿಕೊಂಡಳು. ಆಮೇಲೆ ಗೋಡೆಯ ಕಡೆ ತಿರುಗಿದಳು. "ಚೆನ್ನಾಗಿ ಕಟ್ಟಿದ್ರು," ಎಂದಳು.

ರವಿಕುಮಾರ ಬಂದೂಕುಗಳನ್ನು ಒಂದೊಂದಾಗಿ ಹಾಲಿಗೆ ಸಾಗಿಸಿ, ಕೊನೆಯದನ್ನು ಹೊತ್ತು ಹೊರಗೆ ಹೋದ. ರಿಜಿಸ್ಟರ್ ನೆಲದ ಮೇಲೆ ತೆರೆದೇ ಬಿದ್ದಿತ್ತು. ಇಂದ್ರಾಣಿ ಅದನ್ನೆತ್ತಿ ಓದಿದಳು.

ಸ್ನೈಡರ್, 1869. ನಳಿಗೆಯಲ್ಲಿ ತುಕ್ಕು, ಏಳು ಕಡೆ.
ಮಾರ್ಟಿನಿ, 1875. ತುಕ್ಕು, ಮೂರು ಕಡೆ. ಮರದಲ್ಲಿ ಬೂಷ್ಟು.
ಮಾರ್ಟಿನಿ, 1882. ತುಕ್ಕು, ಎರಡು ಕಡೆ.

ಉಳಿದ ಎರಡಕ್ಕೆ ಏನೂ ಆಗಿರಲಿಲ್ಲ. ಕೆಳಗೆ ಖಾಲಿ ಜಾಗವಿತ್ತು. ಇಂದ್ರಾಣಿ ಪೆನ್ನು ಹುಡುಕಿ, ಗೋಡೆಗೆ ಒರಗಿ ನಿಂತು, ಅಂಗಡಿಯಲ್ಲಿ ಬಿಲ್ಲು ಬರೆಯುವ ಅದೇ ದುಂಡು ಅಕ್ಷರದಲ್ಲಿ ಮುಂದಿನ ಸಾಲು ಬರೆದಳು.

ಪಾರ್ವತಮ್ಮ, 1953. ಹೋದದ್ದು: ಎಡ ಕಿಡ್ನಿ, ಒಂದು. ಕಾಲು, ಎರಡು. ತೂಕ, ಹನ್ನೊಂದು ಕೆಜಿ. ದೊಡ್ಡಪತ್ರೆ, ಒಂದು ಕುಂಡ.